ಬಿಳಿಗಿರಿಯ ಒಕ್ಕಲು, ಬೂದು ಗೋಡೆ

ಕೊಳ್ಳೇಗಾಲದಲ್ಲಿ ಮನೆ ಕಟ್ಟಿಸಲು ಹೊರಟಾಗ ನನ್ನವಳು ಅಪ್ಪಣೆ ಕೊಟ್ಟಳು: “ನಾವು ಬಿಳಿಗಿರಿರಂಗನ ಒಕ್ಕಲು. ಪೂರ್ತಿ ಬಿಳಿ ಸಿಮೆಂಟೇ ಹಾಕಿಸಿ, ಬಣ್ಣದ ಖರ್ಚೂ ಉಳಿಯುತ್ತೆ.”

ಯಳಂದೂರಿನ ಗಾರೆ ಮೇಸ್ತ್ರಿ ಎಲೆಯಡಿಕೆ ಉಗಿದು ಬಂದು, “ಅವ್ವಾ, ಕೊಳ್ಳೇಗಾಲದ ರೇಷ್ಮೆ ಸೀರೆ ಉಟ್ಕಂಡು ನಾಟಿ ಮಾಡಕ್ಕಾದ್ದಾ?” ಎಂದ.

ಬಿಳಿ, ಬೂದು ಸಿಮೆಂಟು ಎರಡರ ತವರೂ ಸುಣ್ಣದಕಲ್ಲೇ. ಬೂದು ಬಣ್ಣಕ್ಕೆ ಮುಖ್ಯ ಕಾರಣ ಕಬ್ಬಿಣದ ಅಂಶ. ಅದನ್ನು ಆದಷ್ಟು ದೂರವಿಟ್ಟು, ಇನ್ನಷ್ಟು ಕಾವಿನಲ್ಲಿ ಸುಟ್ಟರೆ ಬಿಳಿಯದು. ಮಡಿ ಹೆಚ್ಚಿದಷ್ಟೂ ಬಿಲ್ಲೂ ಹೆಚ್ಚು! ಬೂದು ಅಣ್ಣ 50 ಕಿಲೋ ಮೂಟೆಯಲ್ಲಿ ಬಂದು ಪಾಯ, ಪಿಲ್ಲರ್, ಮೋಲ್ಡ್ ಎಲ್ಲ ಹೊರುತ್ತಾನೆ. ಬಿಳಿ ತಮ್ಮ 1 ಕಿಲೋ ಪೊಟ್ಟಣದಲ್ಲೂ ಸಿಗುತ್ತಾನೆ. ಟೈಲ್ಸ್ ಸಂದಿನಲ್ಲಿ ಕೂತು ನೆಂಟರ ಹೊಗಳಿಕೆ ಕೇಳುತ್ತಾನೆ. (ಯಳಂದೂರಿನ ಬಳೆಮಂಟಪದ ಕಲ್ಲುಬಳೆಗಳಿಗೆ ಇಬ್ಬರೂ ಬೇಕಾಗಲಿಲ್ಲ. ಇದನ್ನು ಮೇಸ್ತ್ರಿಯ ಮುಂದೆ ಹೇಳಬೇಡಿ, ಕೂಲಿ ಏರಿಸುತ್ತಾನೆ.)

ಹನೂರಿನಿಂದ ಬಂದ ಭಾವಮೈದ ಕೊನೆಯ ಮೊಳೆ ಹೊಡೆದ: “ಬಿಳಿ ಗೋಡೆನಾ? ನಮ್ಮೂರ ಕೆಮ್ಮಣ್ಣಿನ ಧೂಳಿಗೆ ಎರಡೇ ತಿಂಗಳು ಭಾವ, ಕಾವಿ ಉಟ್ಟು ಮಾದಪ್ಪನ ಬೆಟ್ಟಕ್ಕೆ ಹೊರಟುಬಿಡುತ್ತೆ.”

ಕಡೆಗೆ ಮನೆಗೆಲ್ಲ ಬೂದು, ಬಚ್ಚಲಿನ ಟೈಲ್ಸಿಗೆ 2 ಕಿಲೋ ಬಿಳಿ. ಅದರಲ್ಲೂ ಅರ್ಧ ಕಿಲೋ ಮಿಕ್ಕು ಅಟ್ಟದ ಮೇಲೆ ಗಟ್ಟಿಯಾಗಿ ಕೂತಿದೆ.