ಬೇಡ ಎಂದವರ ವ್ಯಾಪಾರ

ಆಚೆಮನೆ ಭಾವ ಈಗೀಗ ಬೇಲಿ ಹತ್ತಿರ ಬರುವುದು ಮೊಬೈಲು ಹಿಡಿದೇ.

"ಗ್ರೂಪಿನಲ್ಲಿ ಎಂತ ಬಂತು ನೋಡಿದಿಯಾ ಮಾರಾಯ?"

"ನಾನು ಆ ಗ್ರೂಪಿನಲ್ಲಿ ಇಲ್ಲವಲ್ಲ ಭಾವ."

"ಸೇರು. 256 ಜನ ಆದ ಕೂಡಲೇ ಬಾಗಿಲು ಹಾಕುವ ಕಾಲ ಹೋಯ್ತು. 2022ರಿಂದ 1,024 ಜನರಿಗೆ ಜಾಗ ಉಂಟು."

ಅಡಿಕೆ ಬೆಳೆಗಾರರ ವಾಟ್ಸಾಪ್ ಗ್ರೂಪು ಅದು. ಬೆಳಗ್ಗೆ ಶುಭೋದಯದ ಹೂವು, ಮಧ್ಯಾಹ್ನ ಧಾರಣೆ, ರಾತ್ರಿ ಜಗಳ. ಇದರ ನಡುವೆ ಒಬ್ಬರು ನರ್ಸರಿಯವರು ಇದ್ದಾರಂತೆ. ಭಾವನಿಗೆ ಅವರೆಂದರೆ ಭಾರೀ ಗೌರವ. ಸ್ವಂತ ತಮ್ಮನ ಮಾತನ್ನೇ ನಂಬದ ಜನ ಇವರು. ಹಾಗಾಗಿ ನನಗೂ ಕುತೂಹಲ ಆಯಿತು.

ಮೊನ್ನೆ ಬೆಂಗಳೂರು ಬಿಟ್ಟು ಊರಿಗೆ ಬಂದ ಹುಡುಗನೊಬ್ಬ ಡ್ರಮ್ಮಿನ ಫೋಟೋ ಹಾಕಿದ್ದನಂತೆ. ಒಳಗೆ ನೀಲಿ ನೀರು. "ಕೊಳೆರೋಗಕ್ಕೆ ಮದ್ದು ಬಿಡಲು ಜನ ಬಂದು ಕೂತಿದ್ದಾರೆ, ಇದು ಸರಿ ಉಂಟಾ?" ಲೆಕ್ಕ ಅವನಿಗೆ ಬಾಯಿಪಾಠ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ನರ್ಸರಿಯವರು ಕೇಳಿದ್ದು ಒಂದೇ. "ಚೂರಿ ಹಾಕಿ ನೋಡಿದಿರಾ?"

ತಿಕ್ಕಿ ಬೆಳಗಿದ ಕಬ್ಬಿಣದ ಚೂರಿಯನ್ನು ಮದ್ದಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ಇಡಬೇಕು. ಅಲಗಿಗೆ ಕೆಂಪು ಹಿಡಿದರೆ ತುತ್ತದ ಹುಳಿ ಇನ್ನೂ ಸತ್ತಿಲ್ಲ, ಸುಣ್ಣ ಸಾಲದು ಎಂದರ್ಥ. ಅದನ್ನೇ ಹೊಡೆದರೆ ಎಳೆ ಕಾಯಿ ಸುಟ್ಟುಹೋಗುತ್ತದೆ. ಹುಡುಗನ ಮುಂದಿನ ಫೋಟೋದಲ್ಲಿ ಚೂರಿ ಮುಳುಗಿದಷ್ಟೂ ಕೆಂಪು. ಅಂಗಡಿಯ ಸುಣ್ಣ ಹಳತಾಗಿತ್ತು ಎಂದು ಆಮೇಲೆ ಗೊತ್ತಾಯಿತು. ಸುಣ್ಣದ ನೀರು ಸೇರಿಸುತ್ತಾ ಹೋದ, ಚೂರಿ ಬಿಳಿಯಾಗಿಯೇ ಹೊರಗೆ ಬರುವ ತನಕ ನರ್ಸರಿಯವರು ಮೊಬೈಲು ಕೆಳಗಿಡಲಿಲ್ಲ.

"ಅವರು ಮೈಲುತುತ್ತು ಮಾರುವವರೂ ಅಲ್ಲ," ಎಂದರು ಭಾವ.

ಬೆಳೆಗಾರ ಬೆಳೆಗಾರನ ಮಾತನ್ನೇ ನಂಬುವುದು ನಮ್ಮ ಕಡೆ ಹೊಸತೇನಲ್ಲ. ಕೃಷಿಕರ ಕೈಗೇ ಲೇಖನಿ ಕೊಡುತ್ತೇವೆ ಎಂದು 1988ರಲ್ಲಿ 'ಅಡಿಕೆ ಪತ್ರಿಕೆ' ಶುರುವಾಯಿತಲ್ಲ. ಅದು ತಿಂಗಳ ಪತ್ರಿಕೆ. ಇಲ್ಲಿ ಮದ್ದು ಡ್ರಮ್ಮಿನಲ್ಲಿ ಇರುವಾಗಲೇ ಉತ್ತರ ಬರುತ್ತದೆ, ಅಷ್ಟೇ ವ್ಯತ್ಯಾಸ.

"ಎಲ್ಲ ಸರಿ ಭಾವ, ಅವರ ಹೊಟ್ಟೆಪಾಡು?"

ಭಾವ ಈ ಪ್ರಶ್ನೆಗೇ ಕಾಯುತ್ತಿದ್ದಂತೆ ಕಂಡರು. ಒಬ್ಬರು ಕಸಿ ಕಾಳುಮೆಣಸಿನ ಗಿಡ ಇನ್ನೂರು ಬೇಕು ಎಂದು ಗ್ರೂಪಿನಲ್ಲೇ ಕೇಳಿದರಂತೆ, ಹಿಪ್ಪಲಿಗೆ ಕಸಿ ಕಟ್ಟಿದ್ದು. ಸೊರಗು ರೋಗ ಬಾರದ ಗಿಡ ಎಂದು ಅದಕ್ಕೆ ಹೆಸರು. ಬೇರೆ ಯಾರಾದರೂ ಆಗಿದ್ದರೆ ಬ್ಯಾಂಕ್ ಖಾತೆ ನಂಬರ್ ಕಳಿಸುತ್ತಿದ್ದರು. ಇವರು ಕೇಳಿದರು: "ಎಪ್ರಿಲ್, ಮೇಯಲ್ಲಿ ನೀರುಂಟಾ?" ಇಲ್ಲ. "ಹಾಗಾದರೆ ಇದು ನಿಮಗೆ ಬೇಡ. ಈ ಹಿಪ್ಪಲಿಗೆ ಬುಡದಲ್ಲಿ ತೇವ ಬೇಕೇ ಬೇಕು, ಬೇಸಿಗೆಗೆ ಒಣಗುತ್ತದೆ. ನಿಮ್ಮದೇ ಹಳೇ ಬಳ್ಳಿಯ ತುಂಡು ನೆಡಿ."

ಇನ್ನೂರು ಗಿಡದ ವ್ಯಾಪಾರ ಹೋಯಿತು. ಆದರೆ ಒಂದು ಮಾತೂ ಬರೆಯದೆ ಬರೀ ಓದುತ್ತಾ ಕೂತವರು ಆ ಗ್ರೂಪಿನಲ್ಲಿ ಎಷ್ಟು ಜನ! ನೀರಿದ್ದವರೆಲ್ಲ ಒಬ್ಬೊಬ್ಬರಾಗಿ ಅವರಿಗೆ ಫೋನು ಮಾಡಿದರು. ಕೂತು ಯೋಚಿಸಿದರೆ ಇದೂ ಒಂದು ಲೆಕ್ಕಾಚಾರವೇ ಇರಬಹುದು ಎಂದು ನನಗೆ ಅನಿಸಿತು. ಅದನ್ನು ಹೇಳಿಯೂ ಬಿಟ್ಟೆ.

"ಲೆಕ್ಕಾಚಾರ ಮಾಡಿದವರೂ ಇದ್ದಾರೆ," ಎಂದು ಭಾವ ನಕ್ಕರು. ಗೊಬ್ಬರ ಮಾರುವವರೊಬ್ಬರು ಇದನ್ನು ನೋಡಿ ತಾವೂ ಉಪದೇಶ ಶುರುಮಾಡಿದರಂತೆ. ಎಲೆಚುಕ್ಕಿಗೂ ಅವರದೇ ಗೊಬ್ಬರ, ಕಾಯಿ ಉದುರಿದರೂ ಅವರದೇ ಗೊಬ್ಬರ. ಕೊನೆಗೆ ಯಾರೋ ಮಂಡಿನೋವಿಗೆ ಎಷ್ಟು ಚಮಚ ಎಂದು ಕೇಳಿದರು. ಮರುದಿನವೇ ಅವರು ಗ್ರೂಪು ಬಿಟ್ಟರು.

ನರ್ಸರಿಯವರಿಗೂ ಸುಖವಿಲ್ಲ ಬಿಡಿ. ಊಟಕ್ಕೆ ಕೂತಾಗಲೇ ಹಳದಿ ಎಲೆಯ ಫೋಟೋಗಳು ಬರುತ್ತವಂತೆ. ಗಿಡ ಬೇರೆ ಕಡೆ ಅಗ್ಗಕ್ಕೆ ತಂದು ರೋಗಕ್ಕೆ ಮಾತ್ರ ಇವರನ್ನು ಹುಡುಕುವವರೂ ಇದ್ದಾರೆ. ಅವರಿಗೂ ಉತ್ತರ ಕೊಡುತ್ತಾರಂತೆ, ಸ್ವಲ್ಪ ತಡವಾಗಿ.

"ನಾನು ಐವತ್ತು ಗಿಡ ಹೇಳಿದ್ದೇನೆ, ಗಾಡಿ ಶನಿವಾರ ಬರ್ತದೆ. ನಿನಗೆಷ್ಟು ಹೇಳಲಿ?"

"ನಮ್ಮ ಬಾವಿ ಮಾರ್ಚಿಗೇ ತಳ ಕಾಣ್ತದಲ್ಲ ಭಾವ."

"ಹಾಗಾದ್ರೆ ನಿನಗೆ ಕೊಡಲಿಕ್ಕಿಲ್ಲ ಅವರು," ಎಂದು ಭಾವ ಮೊಬೈಲು ಕಿಸೆಗೆ ಹಾಕಿಕೊಂಡರು.