ಹೋಟ್ಲು ಕೆಲಸವನ್ನು ಹಾಸ್ಪಿಟಾಲಿಟಿ ಮಾಡಿಕೊಳ್ಳುವ ವಿಧಾನ

ಬಳಸುವ ಮುನ್ನ ಪೂರ್ತಿ ಓದಿಕೊಳ್ಳಿ. ಓದಿದ ಮೇಲೆ ಮನೆಯ ಹಿರಿಯರ ಕೈಗೆ ಸಿಗದಂತೆ ಎತ್ತಿಡಿ.

ಪೆಟ್ಟಿಗೆಯಲ್ಲಿರುವ ಸಾಮಾನು

ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿ ಒಂದು. ಹಿಮ್ಮಡಿ ಸವೆದ ಕಪ್ಪು ಶೂ ಒಂದು ಜೊತೆ. ಎಲಾಸ್ಟಿಕ್ ಇರುವ ಬೋ ಟೈ ಒಂದು. ಐದು ‘ಮಾತೃ ಸಾಸ್’ಗಳ ಹೆಸರು ಬಾಯಿಪಾಠ: ಬೆಶಮೆಲ್, ವೆಲೂಟೆ, ಎಸ್ಪಾನ್ಯೋಲ್, ಹಾಲಂಡೇಸ್, ಟೊಮ್ಯಾಟೊ. ನಿಮ್ಮ ಮಾತೃಶ್ರೀಯವರ ಹುಳಿ ಈ ಪಟ್ಟಿಯಲ್ಲಿ ಇಲ್ಲ. ವೈನ್ ಬಾಟಲಿಯ ಬಿರಡೆ ಕೀಳುವ ಓಪನರ್ ಒಂದು. ಅಜ್ಜಿ ಕೇಳಿದರೆ ಎಳನೀರು ತೂತು ಮಾಡುವುದಕ್ಕೆ ಎನ್ನತಕ್ಕದ್ದು. ಕೆಲಸ ಪೆಟ್ಟಿಗೆಯಲ್ಲಿ ಬರುವುದಿಲ್ಲ.

ಮೊದಲ ಜೋಡಣೆ: ಮನೆ

ಯಂತ್ರವನ್ನು ಸಮುದ್ರದಾಚೆ ಸಾಗಿಸುವ ಮೊದಲು ಮನೆಯಲ್ಲಿ ಅಲುಗಾಡದಂತೆ ನಿಲ್ಲಿಸಬೇಕು. ರಾಜಾಜಿನಗರ, ವಿಜಯನಗರದ ಕಡೆ ಇದೇ ಕಷ್ಟದ ಹಂತ. ಪ್ರತಿ ಮನೆಯಲ್ಲೂ ಒಬ್ಬ ದೊಡ್ಡಪ್ಪ ಇರುತ್ತಾರೆ. ನನ್ನ ದೊಡ್ಡಪ್ಪ ಬಸವೇಶ್ವರನಗರದವರು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಹೋಟ್ಲಲ್ಲಿ ಲೋಟ ಎತ್ತಕ್ಕೆ ಡಿಗ್ರಿ ಯಾಕಪ್ಪ?”

ಉತ್ತರವಾಗಿ ಇತಿಹಾಸ ಹೇಳಬೇಡಿ. ನಾನು ಹೇಳಿ ನೋಡಿದೆ. ಸ್ವಿಟ್ಜರ್ಲೆಂಡಿನ ಲೊಸಾನಿನಲ್ಲಿ 1893ರಲ್ಲೇ ಹೋಟೆಲ್ ಶಾಲೆ ಶುರುವಾಯಿತು ಎಂದೆ. ಪ್ಯಾರಿಸ್ಸಿನ ರಿಟ್ಜ್ ಹೋಟೆಲಿಗೆ ಹೆಸರು ಕೊಟ್ಟ ಸೀಸರ್ ರಿಟ್ಜ್ ಸ್ವಿಸ್ ಹಳ್ಳಿಯ ರೈತನ ಹದಿಮೂರನೆಯ ಮಗ, ಮಾಣಿಯಾಗಿಯೂ ದುಡಿದವನು ಎಂದೆ. ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು, “ಹದಿಮೂರ್ ಮಕ್ಳಾ?” ಅಂದರು. ಚರ್ಚೆ ಅಲ್ಲಿಗೆ ಮುಗಿಯಿತು.

ಕೆಲಸಕ್ಕೆ ಬರುವುದು ಪದ. ಹೋಟೆಲ್ ಕಾಲೇಜಿನಲ್ಲಿ ಕೆಲವು ತಿಂಗಳು ದೊಡ್ಡ ಹೋಟೆಲಿಗೆ ತರಬೇತಿಗೆ ಕಳಿಸುತ್ತಾರೆ, ಅದರ ಹೆಸರು ಇಂಡಸ್ಟ್ರಿಯಲ್ ಟ್ರೇನಿಂಗ್, ಹುಡುಗರ ಬಾಯಲ್ಲಿ ‘ಐಟಿ’. ಆ ತಿಂಗಳುಗಳಲ್ಲಿ ಯಾರು ಕೇಳಿದರೂ “ಐಟೀಲಿದೀನಿ” ಎನ್ನಿ. ಸುಳ್ಳಲ್ಲ. ನಮ್ಮ ಎದುರುಮನೆಯವರು ಆ ಅವಧಿಯಲ್ಲಿ ನನ್ನ ಜಾತಕ ಕೇಳಿದ್ದರು.

ಇದಕ್ಕೆ ವಿರುದ್ಧವಾಗಿ ಕೆಲವು ಪದಗಳನ್ನು ಮನೆಯೊಳಗೆ ತರಲೇಬಾರದು. ಫ್ರೆಂಚ್ ಅಡುಗೆಮನೆಯ ಪದ್ಧತಿಯಲ್ಲಿ ಕೆಳಗಿನ ಮೆಟ್ಟಿಲಿನ ಬಾಣಸಿಗನಿಗೆ ‘ಕಾಮಿ’ ಎನ್ನುತ್ತಾರೆ. ಅದರಲ್ಲೂ ಮೂರು ದರ್ಜೆ, ಕಾಮಿ ತ್ರೀಯಿಂದ ಶುರು. ಗೆಳೆಯನೊಬ್ಬ ದುಬೈಯಿಂದ ಫೋನ್ ಮಾಡಿ “ಅಮ್ಮಾ, ಕಾಮಿ ಆದೆ” ಅಂದಾಗ ಆಕೆ ಫೋನನ್ನು ಅಪ್ಪನಿಗೆ ಕೊಟ್ಟರಂತೆ. ಬಡ್ತಿ ಸಿಕ್ಕಿ ನಂಬರ್ ಒನ್ ಕಾಮಿ ಆದ ಸುದ್ದಿಯನ್ನು ಅವನು ಮನೆಗೆ ತಿಳಿಸಲೇ ಇಲ್ಲ.

ಅಪ್ಪನನ್ನು ಒಪ್ಪಿಸುವುದು ಅಷ್ಟು ಕಷ್ಟವಲ್ಲ. ರಾಜಾಜಿನಗರದ ಅಪ್ಪಂದಿರು ಬಹುಪಾಲು ಕಾರ್ಖಾನೆಯವರು; ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು ಗೊತ್ತು. ಗೊತ್ತಿಲ್ಲದ್ದು ಬ್ರೇಕ್ ಶಿಫ್ಟು. ಬೆಳಗ್ಗೆ ಹನ್ನೊಂದರಿಂದ ಮೂರು, ಮತ್ತೆ ಸಂಜೆ ಏಳರಿಂದ ಹನ್ನೊಂದು. ನಡುವಿನ ನಾಲ್ಕು ಗಂಟೆ ಯಾರದ್ದೂ ಅಲ್ಲ. ನನ್ನ ಓದಿನ ಕಾಲದಲ್ಲಿ ಐದು ನಕ್ಷತ್ರದ ಹೋಟೆಲೆಂದರೆ ಊರಿನ ಆ ಕಡೆ. ಬಸ್ಸು ಹಿಡಿದು ವಿಜಯನಗರಕ್ಕೆ ಬಂದು ಹೋಗುವಷ್ಟರಲ್ಲಿ ಬ್ರೇಕು ಬಸ್ಸಿನಲ್ಲೇ ಕರಗುತ್ತಿತ್ತು. ಲಾಕರ್ ರೂಮಿನ ಬೆಂಚಿನ ಮೇಲೆ ಶೂ ತಲೆದಿಂಬು ಮಾಡಿ ಮಲಗುತ್ತಿದ್ದೆವು. ಈಗಿನವರು ಪುಣ್ಯವಂತರು. 2011ರಲ್ಲಿ ಷೆರಟನ್ನೇ ಡಾ. ರಾಜ್‌ಕುಮಾರ್ ರಸ್ತೆಗೆ ಬಂತು, ಕೆಂಗೇರಿಗೆ 2021ರಲ್ಲಿ ಮೆಟ್ರೊ ಬಂತು.

ಚಾಲನೆಯ ವಿಧಾನ

ಶೇಷಾದ್ರಿ ರಸ್ತೆಯ ಸರ್ಕಾರಿ ಇನ್‌ಸ್ಟಿಟ್ಯೂಟಿನಲ್ಲಿ ಓದಿ, ಖಾಸಗಿಯಲ್ಲಿ ಓದಿ, ಕಲಿಸುವುದು ನಾಲ್ಕೇ: ಸ್ವಾಗತಿಸುವುದು, ಅಡುಗೆ ಮಾಡುವುದು, ಬಡಿಸುವುದು, ಹಾಸಿಗೆ ಹಾಸುವುದು. ನಿಮ್ಮ ಅಮ್ಮ ಇವಿಷ್ಟನ್ನೂ ಡಿಗ್ರಿಯಿಲ್ಲದೆ, ಬ್ರೇಕ್ ಶಿಫ್ಟಿನಲ್ಲೇ ಮಾಡುತ್ತಿದ್ದಾರೆ ಎಂಬುದು ಎರಡನೇ ಸೆಮಿಸ್ಟರಿನ ಹೊತ್ತಿಗೆ ಹೊಳೆಯುತ್ತದೆ. ಹೊಳೆದರೆ ಗಾಬರಿಯಾಗಬೇಡಿ.

ಎಲ್ಲವನ್ನೂ ಮೊದಲೇ ಹೊಂದಿಸಿಟ್ಟುಕೊಳ್ಳುವುದಕ್ಕೆ ‘ಮೀಸಾನ್ ಪ್ಲಾಸ್’ ಎನ್ನಿ. ಪಾತ್ರೆ ತೊಳೆಯುವುದಕ್ಕೆ ‘ಕಿಚನ್ ಸ್ಟುವರ್ಡಿಂಗ್’. ಹಸಿ ಮಾಂಸಕ್ಕೆ ಕೆಂಪು ಹಲಗೆ, ತರಕಾರಿಗೆ ಹಸಿರು, ಒಂದರ ಚಾಕು ಇನ್ನೊಂದಕ್ಕೆ ಸೋಕಬಾರದು ಎಂದು ಮೇಷ್ಟ್ರು ಹೇಳಿದಾಗ ನನಗೆ ಅಜ್ಜಿಯ ಮುಸುರೆ ನೆನಪಾಗಿತ್ತು. ಅಜ್ಜಿಯ ಪಟ್ಟಿಯಲ್ಲಿ ಸೋಕಬಾರದ ಮನುಷ್ಯರೂ ಇದ್ದರು, ಮೇಷ್ಟ್ರ ಪಟ್ಟಿಯಲ್ಲಿ ಇರಲಿಲ್ಲ. ಮೂರು ವರ್ಷ ಕಟ್ಟಿದ ಫೀಸು ಆ ಒಂದು ಕಾರಣಕ್ಕೆ ದಂಡವಾಗಲಿಲ್ಲ ಎಂದುಕೊಳ್ಳುತ್ತೇನೆ.

ಎಂಟಿಆರ್‌ನ ಮೈಯ್ಯರು ಹಿಡಿದದ್ದು ಉಲ್ಟಾ ದಾರಿ. 1924ರಲ್ಲಿ ಬೆಂಗಳೂರಲ್ಲಿ ಕಾಫಿ ಕ್ಲಬ್ ತೆರೆದ ಪರಂಪಳ್ಳಿ ಯಜ್ಞನಾರಾಯಣ ಮೈಯ್ಯರು 1951ರಲ್ಲಿ ಯುರೋಪಿಗೆ ಹೋದದ್ದು ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆ ಎಂದು ನೋಡಲಿಕ್ಕೆ. ನೋಡಿದರು, ಬಂದರು, ಲೋಟ-ಚಮಚಗಳ ಶುಚಿಗೆ ಕಟ್ಟುನಿಟ್ಟು ತಂದರು. ಎಂಟಿಆರ್ ಸಿಂಗಪುರಕ್ಕೆ ಹೋದದ್ದು 2013ರಲ್ಲಿ, ಅದೂ ದೋಸೆಯ ಜೊತೆ. ನಮಗೆ ಅಷ್ಟು ತಾಳ್ಮೆ ಎಲ್ಲಿ? ಮೊದಲು ನಾವು ಹೋಗುತ್ತೇವೆ, ದೋಸೆ ಆಮೇಲೆ.

ವಿದ್ಯುತ್ ಸಂಪರ್ಕ (ನುರಿತವರಿಂದಲೇ ಮಾಡಿಸಿ)

ನಿಮ್ಮ ಡಿಗ್ರಿಗಿಂತ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬೆಲೆ ಜಾಸ್ತಿ ಇರುವ ಜಾಗ ಪಾಸ್‌ಪೋರ್ಟ್ ಕಚೇರಿ. ಹತ್ತನೆಯ ತರಗತಿ ಪಾಸಾದವರಿಗೆ ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅನುಮತಿಯ ಮುದ್ರೆ ಬೇಕಿಲ್ಲ. ಹಡಗಿಗಾದರೆ ಸಿಡಿಸಿ ಎಂಬ ನಾವಿಕರ ಪುಸ್ತಕ ಮತ್ತು ಸುರಕ್ಷತೆಯ ಕೋರ್ಸುಗಳು ಬೇಕು. ಲೈಫ್ ಜಾಕೆಟ್ ತೊಟ್ಟು ನೀರಿಗೆ ಹಾರಬೇಕು, ಬೆಂಕಿ ಆರಿಸಬೇಕು. ಇಷ್ಟಾದ ಮೇಲೆ ಕಾಫಿ ಬಗ್ಗಿಸಲು ಬಿಡುತ್ತಾರೆ. ಅಮೆರಿಕದಲ್ಲಿ ತರಬೇತಿಗೆ ಜೆ-1 ವೀಸಾ, ಹೋಟೆಲ್ ಕಡೆಯವರಿಗೆ ಹೆಚ್ಚೆಂದರೆ ಹನ್ನೆರಡು ತಿಂಗಳು. ಅಂದ ಹಾಗೆ, 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಬೆಂಗಳೂರಿಗೆ ಬಂದಾಗ ಮೊದಲು ಇಳಿದುಕೊಂಡದ್ದು ವಿಠಲ್ ಮಲ್ಯ ರಸ್ತೆಯ ಒಂದು ಹೋಟೆಲಿನಲ್ಲಿ. ದೊಡ್ಡಪ್ಪನಿಗೆ ಈ ಪೇಪರ್ ಕಟಿಂಗ್ ತೋರಿಸಬಹುದು.

ಎಚ್ಚರಿಕೆ: ಶಾಕ್ ಹೊಡೆಯುವ ಭಾಗ ಏಜೆಂಟ್. 1983ರ ವಲಸೆ ಕಾಯ್ದೆಯಡಿ ನೋಂದಣಿ ಇಲ್ಲದವನು ವಿದೇಶದ ಕೆಲಸಕ್ಕೆ ಜನ ಕಳಿಸುವಂತಿಲ್ಲ. ನೋಂದಣಿ ಇದ್ದವನೂ ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಹೆಸರು ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಇದೆಯೇ ಎಂದು ಹುಡುಕಲು ಎರಡು ನಿಮಿಷ ಸಾಕು. ನಾನು ಆ ಎರಡು ನಿಮಿಷವನ್ನು ಸೂಟ್‌ಕೇಸ್ ಆರಿಸುವುದಕ್ಕೆ ಕಳೆದೆ. ನನ್ನನ್ನು ಕಳಿಸಿದಾತ ‘ಫೈವ್ ಸ್ಟಾರ್ ಬ್ಯಾಂಕ್ವೆಟ್’ ಎಂದಿದ್ದ. ಹೋಗಿ ನೋಡಿದರೆ ಮರುಭೂಮಿಯಲ್ಲಿ ಕಾರ್ಮಿಕರ ಶಿಬಿರದ ಮೆಸ್ಸು. ರಾತ್ರಿ ಹೊರಗೆ ಬಂದು ತಲೆ ಎತ್ತಿದರೆ ಐದಲ್ಲ, ಲೆಕ್ಕವಿಲ್ಲದಷ್ಟು ಸ್ಟಾರು. ಒಂದು ಹೊತ್ತಿಗೆ ನೂರಾರು ಜನರಿಗೆ ಅನ್ನ ಬಡಿಸುತ್ತಿದ್ದೆವು. ಹಸಿದು ಬಂದವರು, ತಟ್ಟೆಯನ್ನು ನೋಡುವ ಮೊದಲು ಬಡಿಸುವವನ ಮುಖ ನೋಡುತ್ತಿದ್ದರು. ಆಮೇಲೆ ಹಡಗಿನಲ್ಲಿ ಒಂಬತ್ತು ವರ್ಷ ಕಳೆದೆ. ಅಲ್ಲಿ ಹಾಗೆ ನೋಡಿದವರು ಕಡಿಮೆ.

ದೋಷ ಪತ್ತೆ

ದೋಷ: ಯಂತ್ರ ಚೆನ್ನಾಗಿ ಓಡುತ್ತಿದೆ, ಆದರೆ ಊರಲ್ಲಿ ಯಾರಿಗೂ ಕಾಣಿಸುತ್ತಿಲ್ಲ.

ಇದಕ್ಕೆ ಕಾರಣ ಬೋ ಟೈ. ಎರಡನೇ ವರ್ಷದಲ್ಲಿ ಕೈಖರ್ಚಿಗೆ ಓಡಿಸಿ ಹೋಗುತ್ತಿದ್ದೆವು. ಓಡಿಸಿ ಎಂದರೆ ಜಗನ್ನಾಥನ ರಾಜ್ಯವಲ್ಲ, ಔಟ್‌ಡೋರ್ ಕೇಟರಿಂಗ್. ಒಮ್ಮೆ ಕೆಂಗೇರಿಯ ಆಚೆ ಒಂದು ಕಲ್ಯಾಣ ಮಂಟಪದ ಆರತಕ್ಷತೆ. ಟ್ರೇ ತುಂಬ ಕೆಂಪು ಬಣ್ಣದ ವೆಲ್ಕಮ್ ಡ್ರಿಂಕ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಎಡಗೈ ಬೆರಳು ಹರಡಿ ಟ್ರೇಯ ಹೊಟ್ಟೆಗೆ ಕೊಡಬೇಕು, ಅಂಚು ಹಿಡಿಯಬಾರದು. ಒಂದು ಲೋಟ ಎತ್ತಿದಾಗ ತೂಕ ವಾಲುತ್ತದೆ, ಉಳಿದವನ್ನು ನಡುವಿಗೆ ಸರಿಸಬೇಕು. ಅದೇ ಧ್ಯಾನದಲ್ಲಿದ್ದವನ ಮುಂದೆ ದೊಡ್ಡಪ್ಪ ಬಂದು ನಿಂತರು. ಹುಡುಗನ ಕಡೆಯವರಂತೆ, ನನಗೆ ಗೊತ್ತಿರಲಿಲ್ಲ. ಕಾಲು ನಡುಗಿತು. ಅವರು ಟ್ರೇ ನೋಡಿದರು, ಲೋಟ ಎತ್ತಿಕೊಂಡರು, ಇಂಗ್ಲಿಷಿನಲ್ಲಿ “ಥ್ಯಾಂಕ್ಸ್” ಅಂದರು, ಒಳಗೆ ಹೋದರು. ನಾನು ಹುಟ್ಟಿದ ದಿನ ಆಸ್ಪತ್ರೆಯ ಬಾಗಿಲಲ್ಲಿ ಪೇಡಾ ಹಂಚಿದ್ದ ಮನುಷ್ಯ.

ಅರ್ಧ ಗಂಟೆಯ ಮೇಲೆ ಊಟದ ಹಾಲಿನಲ್ಲಿ ನೋಡಿದರೆ, ರೇಷ್ಮೆ ಪಂಚೆಯನ್ನು ಎತ್ತಿ ಕಟ್ಟಿ, ದೊಡ್ಡಪ್ಪ ಹೋಳಿಗೆಯ ತಟ್ಟೆ ಹಿಡಿದು ಪಂಕ್ತಿಯುದ್ದಕ್ಕೂ ಓಡಾಡುತ್ತಿದ್ದಾರೆ. “ಇನ್ನೊಂದು, ನಂಗೋಸ್ಕರ ಇನ್ನೊಂದೇ ಒಂದು.” ಬೀಗರು ಎಲೆಗೆ ಕೈ ಅಡ್ಡ ಹಿಡಿದರೂ ಬಿಡಲಿಲ್ಲ. ಅಂದು ಅವರು ನನಗಿಂತ ಚೆನ್ನಾಗಿ ಬಡಿಸಿದರು, ಇದನ್ನು ಒಪ್ಪಲೇಬೇಕು. ಪುಕ್ಕಟೆ ಬಡಿಸಿದರೆ ಯಜಮಾನ, ಕೂಲಿಗೆ ಬಡಿಸಿದರೆ ಮಾಣಿ. ಕೂಲಿ ಡಾಲರಿನಲ್ಲಿ ಬಂದರೆ ಹಾಸ್ಪಿಟಾಲಿಟಿ.

ಪರಿಹಾರ: ವಿಮಾನದಲ್ಲಿ ಹೋಗಿ ಬನ್ನಿ. ಬೇರೆ ಪರಿಹಾರ ಈ ಕಂಪನಿಯ ಬಳಿ ಇಲ್ಲ.

ವಾರಂಟಿ

ಎರಡನೇ ಕಾಂಟ್ರ್ಯಾಕ್ಟ್ ಮುಗಿಸಿ ರಜೆಗೆ ಬಂದಾಗ ದೊಡ್ಡಪ್ಪನ ಮಗಳ ಮದುವೆ. ಬಡಿಸುವವರು ಸಾಲದೆ ಪಂಕ್ತಿ ತಡವಾಗುತ್ತಿತ್ತು. ನಾನು ತೋಳು ಮಡಚಿ ಸಾರಿನ ಬಕೆಟ್ಟಿಗೆ ಕೈ ಹಾಕಿದೆ. ದೊಡ್ಡಪ್ಪ ಓಡಿ ಬಂದು ಬಕೆಟ್ ಕಿತ್ತುಕೊಂಡರು. “ಫಾರಿನ್ನಿಂದ ಬಂದಿದೀಯ, ನೀನ್ಯಾಕೆ ಇದೆಲ್ಲ? ಕೂತ್ಕೊ.” ತೋಳು ಹಿಡಿದು ಎಲೆಯ ಮುಂದೆ ಕೂರಿಸಿದರು. ಪಕ್ಕದಲ್ಲಿ ಕೂತವರಿಗೆ ಪರಿಚಯ ಬೇರೆ: “ಕ್ರೂಸ್ ಲೈನಲ್ಲಿ ದೊಡ್ಡ ಪೋಸ್ಟು.” ಆಗ ನಾನು ಅಸಿಸ್ಟೆಂಟ್ ವೇಟರ್.

ಎಲೆಗೆ ನೀರು ಚಿಮುಕಿಸಿ ಒರೆಸುತ್ತಿದ್ದೆ. ಕಪ್ಪು ಪ್ಯಾಂಟಿನ ಹುಡುಗನೊಬ್ಬ ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು ಬಂದ. ಅವನ ಕೈ ಮಾತ್ರ ಕಂಡಿತು. ಬಾಟಲಿ ಇಟ್ಟ, ನಾನು “ಥ್ಯಾಂಕ್ಸ್” ಅಂದೆ. ತಲೆ ಎತ್ತಿ ನೋಡುವಷ್ಟರಲ್ಲಿ ಮೂರು ಎಲೆ ಮುಂದೆ ಹೋಗಿದ್ದ; ಕತ್ತಿನ ಹಿಂದೆ ಕಾಲರಿನಿಂದ ಮೇಲೆ ಜಾರಿದ್ದ ಬೋ ಟೈಯ ಎಲಾಸ್ಟಿಕ್ ಅಷ್ಟೇ ಕಾಣುತ್ತಿತ್ತು.