ವಾರ್ತಾ ಇಲಾಖೆ

"ಇವತ್ತು ಸ್ಕೂಲಲ್ಲಿ ಏನಾಯ್ತೋ ಪುಟ್ಟಾ?"

"ನಥಿಂಗ್."

ಏಳು ಗಂಟೆ ಕೂತು, ಆಡಿ, ಓದಿ, ಬಿದ್ದು, ಎದ್ದು ಬಂದ ಒಂದನೇ ಕ್ಲಾಸಿನ ಮಗು ಕೊಡುವ ಪೂರ್ಣ ವರದಿ ಇಷ್ಟೇ. ಇದನ್ನು ನಂಬಿಕೊಂಡಿದ್ದರೆ ಅಮೆರಿಕದ ತಂದೆ-ತಾಯಿಗಳ ಗತಿ ಏನಾಗುತ್ತಿತ್ತೋ. ಅದಕ್ಕೇ ಇಲ್ಲಿನ ಟೀಚರ್ ಶುಕ್ರವಾರಕ್ಕೊಂದು ನ್ಯೂಸ್‌ಲೆಟರ್ ಕಳಿಸುತ್ತಾರೆ. ಈ ವಾರ ಕಲಿತದ್ದು, ಮುಂದಿನ ವಾರದ ಹೊಸ ಪದಗಳು, ಇಪ್ಪತ್ತರೊಳಗಿನ ಕೂಡುವುದು ಕಳೆಯುವುದು ಎಲ್ಲಿಗೆ ಬಂತು, ಯಾವ ದಿನ ಏನು ತರಬೇಕು, ಎಲ್ಲಾ ಅದರಲ್ಲಿರುತ್ತದೆ. ಸಾಲದ್ದಕ್ಕೆ ಫೋನಿನಲ್ಲಿ ಕ್ಲಾಸ್‌ಡೋಜೋ ಎಂಬ ಆ್ಯಪ್. ಅದೂ ಸಾಲದ್ದಕ್ಕೆ ಮಗುವಿನ ಬ್ಯಾಗಿನಲ್ಲಿ ಎರಡು ಜೇಬಿನ ಫೋಲ್ಡರು: ಎಡಗಡೆಯದು ಮನೆಯಲ್ಲೇ ಇಟ್ಟುಕೊಳ್ಳುವ ಕಾಗದಗಳಿಗೆ, ಬಲಗಡೆಯದು ಸಹಿ ಹಾಕಿ ವಾಪಸು ಕಳಿಸುವ ಕಾಗದಗಳಿಗೆ. ನಮ್ಮ ಮನೆಯಿಂದ ಎಡಗಡೆಯವು ನಿಯಮಿತವಾಗಿ ಶಾಲೆಗೆ ವಾಪಸು ಹೋಗುತ್ತವೆ. ಬಲಗಡೆಯವು ಫ್ರಿಜ್ಜಿನ ಮೇಲೆ ಕಾಯಂ ಆಗಿ ಬೀಡು ಬಿಟ್ಟಿವೆ.

ಇಷ್ಟೆಲ್ಲ ಇದ್ದೂ ನ್ಯೂಜೆರ್ಸಿಯ ನಮ್ಮೂರಿನ ಕನ್ನಡದ ಮನೆಗಳಿಗೆ ಶಾಲೆಯ ಸುದ್ದಿ ತಲುಪುವುದು ಬೇರೆ ದಾರಿಯಲ್ಲಿ. ಒಂದನೇ ಕ್ಲಾಸಿನ ಮೂರು ಸೆಕ್ಷನ್ ಸೇರಿ ನಾವು ಒಂಬತ್ತು ಮನೆಯವರು. ಒಂಬತ್ತು ಮನೆಗೂ ಒಬ್ಬರೇ ಸುದ್ದಿಮೂಲ. ನಾವು ಅಪ್ಪಂದಿರು ಅವರಿಗೆ ಗುಟ್ಟಾಗಿ ಇಟ್ಟ ಹೆಸರು 'ವಾರ್ತಾ ಇಲಾಖೆ'. ಗುಟ್ಟಾಗಿ ಅಂದೆ, ಅವರಿಗೆ ಗೊತ್ತಿಲ್ಲದೆ ಇರುವುದಿಲ್ಲ. ಅವರಿಗೆ ಗೊತ್ತಿಲ್ಲದ್ದು ಯಾವುದಿದೆ?

ಇಲಾಖೆಯವರು ಬೆಂಗಳೂರಿನಲ್ಲಿ ಎಂಟು ವರ್ಷ ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದವರು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ತೆಗೆದುಕೊಂಡವರು. ಗಂಡನ ಹಿಂದೆ ಎಚ್-4 ವೀಸಾದಲ್ಲಿ ಇಲ್ಲಿಗೆ ಬಂದರು. ಆ ವೀಸಾದವರಲ್ಲಿ ಕೆಲವರಿಗೆ 2015ರಿಂದ ಕೆಲಸದ ಪರವಾನಗಿ ಸಿಗುತ್ತಿದೆ ನಿಜ, ಆದರೆ ಅದಕ್ಕೆ ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿರಬೇಕು. ಇವರ ಮನೆಯ ಅರ್ಜಿ ಇನ್ನೂ ದಾಟಿಲ್ಲ. ಹೀಗಾಗಿ ಎಂಟು ವರ್ಷದ ಅನುಭವವೆಲ್ಲ ಈಗ ಒಂದನೇ ಕ್ಲಾಸಿನ ನ್ಯೂಸ್‌ಲೆಟರಿನ ಮೇಲೆ ಬಿದ್ದಿದೆ. ಶುಕ್ರವಾರ ಸಂಜೆ ನಾಲ್ಕಕ್ಕೆ ನ್ಯೂಸ್‌ಲೆಟರ್ ಬಂದರೆ ನಾಲ್ಕೂ ಹತ್ತಕ್ಕೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವರ ಸಂದೇಶ: "ಗಮನಿಸಿ. ಪೈಜಾಮ ಡೇ ಮೊದಲ ಪುಟದಲ್ಲಿ ಬುಧವಾರ ಅಂತಿದೆ, ಕ್ಯಾಲೆಂಡರಿನಲ್ಲಿ ಗುರುವಾರ ಅಂತಿದೆ. ಟೀಚರಿಗೆ ಬರೆದಿದ್ದೇನೆ. ಉತ್ತರ ಬರುವ ತನಕ ಯಾರೂ ಯಾವುದನ್ನೂ ಒಗೆಯಬೇಡಿ."

ವರ್ಷವೆಲ್ಲ ಇಲಾಖೆ ಕೆಲಸ ಮಾಡುತ್ತದಾದರೂ ಅದರ ದಸರಾ ಎಂದರೆ ಡಿಸೆಂಬರಿನಲ್ಲಿ ಚಳಿಗಾಲದ ರಜೆಗೆ ಮುಂಚಿನ ಎರಡು ವಾರ. ಒಂದು ದಿನ ಪೈಜಾಮ, ಒಂದು ದಿನ ವಿಕಾರವಾದ ಸ್ವೆಟರು, ಒಂದು ದಿನ ಬಿಸ್ಕತ್ತಿನ ಮನೆ ಕಟ್ಟುವುದು, ಮತ್ತೊಂದು ದಿನ ಪುಸ್ತಕದ ಅದಲುಬದಲು. ನಡುವೆ 'ಜಗತ್ತಿನ ಹಬ್ಬಗಳು' ಎಂಬ ಪಾಠ. ಎಂದೋ ಮುಗಿದ ನಮ್ಮ ದೀಪಾವಳಿಗೆ ಅದರಲ್ಲಿ ಇನ್ನೊಂದು ಸಲ ಎಣ್ಣೆ ಹಾಕುತ್ತಾರೆ. ಜೊತೆಗೆ ಟೀಚರ್ ಗಿಫ್ಟಿಗೆ ಚಂದಾ. ಕಳೆದುಹೋದ ವಸ್ತುಗಳ ಮೇಜಿನ ಮೇಲೆ ಒಂಟಿ ಗ್ಲೌಸುಗಳ ರಾಶಿ. ರಜೆಯೊಳಗೆ ಒಯ್ಯದಿದ್ದರೆ ದಾನಕ್ಕೆ ಹೋಗುತ್ತವೆ. ಇಲಾಖೆಯವರು ಆ ರಾಶಿಯ ಫೋಟೋ ತೆಗೆದು, ನಮ್ಮ ಮಕ್ಕಳವಕ್ಕೆ ಕೆಂಪು ಸುತ್ತು ಹಾಕಿ, ಕೆಳಗೆ ಮನೆಯವರ ಹೆಸರು ಬರೆದು ಹಾಕುತ್ತಾರೆ. ನಮ್ಮ ಮಗನವು ನಾಲ್ಕಿದ್ದವು. ನಾಲ್ಕೂ ಎಡಗೈಯವು.

ನಾನು ಇಲಾಖೆಯ ವಿಶೇಷ ನಿಗಾಕ್ಕೆ ಒಳಪಟ್ಟವನು. ಕಾರಣ ಹೋದ ವರ್ಷದ್ದು. ಮಗ ಆಗ ಕಿಂಡರ್‌ಗಾರ್ಟನ್. ನ್ಯೂಸ್‌ಲೆಟರ್ ಓದಿರಲಿಲ್ಲ, ಬೆಳಗ್ಗೆ ಇವನು "ಇವತ್ತು ಪೈಜಾಮ ಡೇ" ಎಂದ. ಹೆಂಡತಿ ಆಫೀಸಿಗೆ ಹೋಗಿಯಾಗಿತ್ತು. ಪೈಜಾಮ ಎಂದರೆ ನನಗೆ ಗೊತ್ತಿಲ್ಲವೇ? ಗಣೇಶನ ಹಬ್ಬಕ್ಕೆ ಅಜ್ಜಿ ಹಾಸನದಿಂದ ತಂದ ಬಿಳಿ ಜುಬ್ಬಾ ಪೈಜಾಮ ಇಸ್ತ್ರಿ ಮಾಡಿ, ಲಾಡಿ ಗಟ್ಟಿಯಾಗಿ ಬಿಗಿದು, ಹಣೆಗೊಂದು ಕುಂಕುಮವಿಟ್ಟು ಕಳಿಸಿದೆ. ಡೈನೋಸಾರು, ಯೂನಿಕಾರ್ನುಗಳ ಚಿತ್ರವಿರುವ ರಾತ್ರಿಯುಡುಪಿನಲ್ಲಿ, ಕಂಕುಳಲ್ಲಿ ಕರಡಿಗೊಂಬೆ ಇರುಕಿಕೊಂಡು ಆಕಳಿಸುತ್ತ ಬಂದ ಇಪ್ಪತ್ತು ಮಕ್ಕಳ ನಡುವೆ ನಮ್ಮವನು ವಿಧಾನಸೌಧಕ್ಕೆ ಪ್ರಮಾಣವಚನಕ್ಕೆ ಹೊರಟವನ ಹಾಗೆ ನಿಂತಿದ್ದನಂತೆ. ಪದ ನಮ್ಮ ಕಡೆಯಿಂದಲೇ ಇಂಗ್ಲಿಷಿಗೆ ಹೋದದ್ದು, ತಪ್ಪು ನನ್ನದಲ್ಲ ಎಂದು ವಾದಿಸಿ ನೋಡಿದೆ. ಇಲಾಖೆಯವರು ಒಂದೇ ಮಾತು ಹೇಳಿದರು: "ಅಲ್ರೀ, ಸೋಮವಾರ, ಮಂಗಳವಾರ ಎರಡು ದಿನವೂ ಹಾಕಿದ್ದೆ. ನೀಲಿ ಟಿಕ್ ಕೂಡ ಬಂದಿತ್ತು."

ಅಂದಿನಿಂದ ನನಗೆ ಪ್ರತ್ಯೇಕ ಸಂದೇಶ. ಮಗನ ಮುಂದಿನ ಹಲ್ಲು ಬಿದ್ದ ಸುದ್ದಿಯೂ ನನಗೆ ಬಂದದ್ದು ಅವರಿಂದಲೇ. ಒಂದನೇ ಕ್ಲಾಸಿನಲ್ಲಿ ಯಾವ ತಿಂಗಳು ಎಷ್ಟು ಹಲ್ಲು ಬಿದ್ದವು ಎಂಬುದಕ್ಕೆ ಗೋಡೆಯ ಮೇಲೊಂದು ಚಾರ್ಟು ಇರುತ್ತದೆ. ಇಲಾಖೆಯವರು ವಾಲಂಟಿಯರ್ ಆಗಿ ಹೋದಾಗ ಮೊದಲು ನೋಡುವುದು ಅದನ್ನೇ. "ನಿಮ್ಮನೆಯದು ಇವತ್ತು ಬಿತ್ತು. ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ, ಬ್ಯಾಗಿನ ಮುಂದಿನ ಜೇಬು. ಎಸೀಬೇಡಿ, ಟೂತ್ ಫೇರಿಗೆ ಬೇಕು." ನನ್ನ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆದಿದ್ದರು. ಟೂತ್ ಫೇರಿ ಹಲ್ಲಿಗೆ ಕೊಡುವ ಡಾಲರ್ ಇರಲಿ, ನಾಲ್ಕಾಣೆಯೂ ಬಂದಿರಲಿಲ್ಲ.

ಇವರು ನಿದ್ದೆ ಮಾಡುವುದು ಯಾವಾಗ ಎಂಬುದೇ ನಮಗೆ ಬಿಡಿಸಲಾಗದ ಒಗಟು. ಹಿಮ ಬಿದ್ದರೆ ಶಾಲೆಗೆ ರಜೆಯೋ, ಎರಡು ಗಂಟೆ ತಡವೋ ಎಂಬ ಸುದ್ದಿ ಬೆಳಗಿನ ಐದೂವರೆಗೆ ಬರುತ್ತದೆ. ಐದು ಮೂವತ್ತೊಂದಕ್ಕೆ ಅದು ಗುಂಪಿನಲ್ಲಿರುತ್ತದೆ. ಆ ಹೊತ್ತಿಗೆ ಮೈಸೂರಿನಲ್ಲಿ ಮಧ್ಯಾಹ್ನ ನಾಲ್ಕು; ಅಲ್ಲಿರುವ ತಮ್ಮ ಅಮ್ಮನ ಜೊತೆ ಫೋನಿನಲ್ಲಿ ಇರುತ್ತಾರೆ ಎಂದು ಆಮೇಲೆ ತಿಳಿಯಿತು. ಅಂದರೆ ನಮ್ಮ ಶಾಲೆಗೆ ರಜೆ ಎನ್ನುವುದು ಪಕ್ಕದ ಕೋಣೆಯಲ್ಲಿ ಮಲಗಿರುವ ಅವರ ಗಂಡನಿಗಿಂತ ಮೊದಲು ಮೈಸೂರಿನ ಕುವೆಂಪುನಗರಕ್ಕೆ ಗೊತ್ತಾಗುತ್ತದೆ. ಹಿಂದಿನ ರಾತ್ರಿ ಹಿಮ ಬೀಳಲೆಂದು ಮಕ್ಕಳು ಪೈಜಾಮ ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಂಡು, ದಿಂಬಿನಡಿ ಚಮಚ ಇಟ್ಟು ಮಲಗುವ ಪದ್ಧತಿ ಇಲ್ಲಿದೆ. ಅದನ್ನೂ ಅವರು ಸಂಜೆಯೇ ನೆನಪಿಸಿರುತ್ತಾರೆ: "ಸ್ಟೀಲ್ ಚಮಚ ಸಾಕು, ಬೆಳ್ಳಿಯದು ಬೇಡ."

ಈ ವರ್ಷದ ದೊಡ್ಡ ಪ್ರಕರಣ ಹಾಟ್ ಚಾಕಲೇಟಿನದು. ರಜೆಗೆ ಮುಂಚಿನ ಕೊನೆಯ ದಿನ, ಅರ್ಧ ದಿನದ ಶಾಲೆ. 'ದಿ ಪೋಲಾರ್ ಎಕ್ಸ್‌ಪ್ರೆಸ್' ಸಿನಿಮಾ. 1985ರ ಪುಸ್ತಕ, 2004ರಲ್ಲಿ ಸಿನಿಮಾ ಆದದ್ದು. ಮಕ್ಕಳು ರೈಲಿನಲ್ಲಿ ಉತ್ತರಧ್ರುವಕ್ಕೆ ಹೋಗುತ್ತಾರೆ, ದಾರಿಯಲ್ಲಿ ಹಾಟ್ ಚಾಕಲೇಟ್ ಕೊಡುತ್ತಾರೆ. ಆದ್ದರಿಂದ ಕ್ಲಾಸಿನಲ್ಲೂ ಎಲ್ಲರಿಗೂ ಚಿನ್ನದ ಬಣ್ಣದ ಟಿಕೆಟ್ಟು, ಒಂದೊಂದು ಲೋಟ ಹಾಟ್ ಚಾಕಲೇಟು, ಮೇಲೆ ಮಾರ್ಷ್‌ಮೆಲೋ. ನ್ಯೂಸ್‌ಲೆಟರಿನಲ್ಲಿ ಇದಕ್ಕಿದ್ದದ್ದು ಒಂದೂವರೆ ಸಾಲು. ಒಂಬತ್ತು ಮನೆಯಲ್ಲಿ ಎಂಟು ಮನೆಯವರು ಅದನ್ನು ಓದಲಿಲ್ಲ. ಒಂಬತ್ತನೆಯವರು ಓದಿ ಕೇಳಿದರು: "ಮಾರ್ಷ್‌ಮೆಲೋದಲ್ಲಿ ಜೆಲಟಿನ್ ಇರುತ್ತಲ್ವಾ?"

ಅಲ್ಲಿಗೆ ಗುಂಪು ಹೊತ್ತಿಕೊಂಡಿತು. ಜೆಲಟಿನ್ ಎಂದರೆ ದನದ್ದೋ ಹಂದಿಯದೋ ಚರ್ಮ, ಮೂಳೆಗಳಿಂದ ತೆಗೆಯುವುದು ಎಂದು ಇಲಾಖೆಯವರೇ ವಿವರಿಸಿದರು. ಒಬ್ಬರು "ನಾವು ಮೂರು ವರ್ಷದಿಂದ ತಿನ್ನಿಸ್ತಿದೀವಲ್ರೀ" ಎಂದು ಅಳುಮುಖದ ಚಿತ್ರ ಹಾಕಿದರು. ಇನ್ನೊಬ್ಬರು ಊರಿಂದ ಬಂದ ಕಡಲೆಕಾಯಿ ಚಿಕ್ಕಿ ಕಳಿಸಲೇ ಎಂದರು. ಕಡಲೆಕಾಯಿ ಅಲರ್ಜಿಯ ಮಕ್ಕಳಿರುವ ಕ್ಲಾಸಿಗೆ ಚಿಕ್ಕಿ ಕಳಿಸುವುದಕ್ಕಿಂತ ನಾಗರಹಾವು ಕಳಿಸುವುದು ವಾಸಿ ಎಂದು ಅವರಿಗೆ ತಿಳಿಸಿ ಹೇಳಬೇಕಾಯಿತು. ನಾಡಿಗೆ ಬರ ಬಂದಾಗಲೂ ಇಷ್ಟು ಸಭೆ ನಡೆದಿರಲಾರದು. ಕೊನೆಗೆ ಇಲಾಖೆಯವರು ಟೀಚರಿಗೆ ಬರೆದು, ಒಪ್ಪಿಗೆ ಪಡೆದು, ಜೆಲಟಿನ್ ಇಲ್ಲದ ಎರಡು ಪೊಟ್ಟಣ ತಾವೇ ತಂದು, ದಪ್ಪ ಮಾರ್ಕರಿನಲ್ಲಿ ಗುರುತು ಹಾಕಿ, ಶಾಲೆಗೆ ಕೊಟ್ಟು, ಕೊಟ್ಟದ್ದರ ಫೋಟೋ ಹಾಕಿದರು. ದುಡ್ಡು ಕೇಳಲಿಲ್ಲ. ನಾವೂ ಕೊಡಲಿಲ್ಲ.

ಕೊನೆಯ ದಿನ ಹನ್ನೆರಡೂ ಮುಕ್ಕಾಲಿಗೆ ಗೇಟಿನ ಹತ್ತಿರ ನಿಂತಿದ್ದೆವು. ನೆಲದಲ್ಲಿ ಹಳೆಯ ಹಿಮ ಕೊಚ್ಚೆಯಾಗಿತ್ತು. ಕತ್ತಿನಲ್ಲಿ ರಂಧ್ರ ಹೊಡೆದ ಟಿಕೆಟ್ಟು ನೇತುಹಾಕಿಕೊಂಡು ಮಕ್ಕಳು ಹೊರಗೆ ಬಂದವು. ಇಲಾಖೆಯವರ ಮಗಳು, ಹಿಂದೆ ನಮ್ಮವನು. ಅವರು ಮಂಡಿಯೂರಿ ಕೂತು ಕೆಲಸ ಶುರು ಮಾಡಿದರು.

"ಏನೇನು ಮಾಡಿದ್ರಿ?"

"ನಥಿಂಗ್."

"ಹಾಟ್ ಚಾಕಲೇಟ್ ಕುಡಿದ್ರಾ? ಯಾವ ಮಾರ್ಷ್‌ಮೆಲೋ ಹಾಕಿದ್ರು?"

ಹುಡುಗಿ ತನ್ನ ಬೂಟು ನೋಡಿಕೊಂಡಳು. ನಮ್ಮವನಿಗೆ ಅಷ್ಟು ಲೋಕಜ್ಞಾನ ಇಲ್ಲ. "ಎರಡು ಥರ ಇತ್ತು ಆಂಟೀ. ಒಂದು ಸುಮ್ನೆ ರೌಂಡು. ಇನ್ನೊಂದು ಸ್ನೋಮ್ಯಾನು! ಕಣ್ಣು, ಬಟನ್ ಎಲ್ಲಾ ಇತ್ತು!"

ರೌಂಡಿನದು ನಮ್ಮದು. ಇಬ್ಬರ ಮೇಲ್ದುಟಿಯ ಮೇಲೂ ಬಿಳಿ ಮೀಸೆ. ಜೊತೆಗೆ ಹುಡುಗಿಯ ಕೆನ್ನೆಯ ಮೇಲೆ ಸ್ನೋಮ್ಯಾನಿನ ಒಂದು ಕಣ್ಣು ಅಂಟಿಕೊಂಡು ನಮ್ಮನ್ನೇ ನೋಡುತ್ತಿತ್ತು. ಅವಳ ಬ್ಯಾಗಿನ ಬಾಯಲ್ಲಿ, ಟೀಚರ್ ಪಾಪ ಜೋಪಾನವಾಗಿ ವಾಪಸು ಕಳಿಸಿದ್ದ ಪೊಟ್ಟಣ, ಸೀಲು ಒಡೆಯದ್ದು, ಇಣುಕುತ್ತಿತ್ತು.

ಇಲಾಖೆಯವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಮಫ್ಲರಿನ ತುದಿಯಿಂದ ಮೊದಲು ಮಗಳ ಬಾಯಿ, ಆಮೇಲೆ ನನ್ನ ಮಗನ ಬಾಯಿ ಗಸಗಸ ಒರೆಸಿದರು. ಬ್ಯಾಗಿನ ಜಿಪ್ ಎಳೆದರು. ಎದ್ದು ನಿಂತು ಫೋನ್ ತೆಗೆದರು.

ಕಾರಿನ ಹತ್ತಿರ ಹೋಗುವಷ್ಟರಲ್ಲಿ ನನ್ನ ಜೇಬು ಅದುರಿತು. "ಗಮನಿಸಿ. ಹಾಟ್ ಚಾಕಲೇಟ್ ಕಾರ್ಯಕ್ರಮ ಸುಸೂತ್ರವಾಗಿ ನಡೆಯಿತು. ನಮ್ಮ ಎರಡು ಪೊಟ್ಟಣಗಳು ಸಕಾಲಕ್ಕೆ ಶಾಲೆ ತಲುಪಿದ್ದವು. ಎಲ್ಲರಿಗೂ ರಜೆಯ ಶುಭಾಶಯಗಳು."

ಎಂಟು ಮನೆಯಿಂದ ಕೈಮುಗಿದ ಚಿತ್ರಗಳು ಬಂದವು. ಸಂಜೆ ಹೆಂಡತಿ ಅದನ್ನು ಎರಡು ಸಲ ಓದಿ, "ಅವರಿಲ್ಲದಿದ್ರೆ ಏನು ಗತಿ ಆಗ್ತಿತ್ತೋ" ಎಂದಳು. ಆಮೇಲೆ ಮಗನ ಕಡೆ ತಿರುಗಿ, "ಇವತ್ತು ಏನಾಯ್ತೋ ಪುಟ್ಟಾ?" ಎಂದು ಕೇಳಿದಳು.

ನಾನು ಅವನ ಕಡೆ ನೋಡಿದೆ. ಜಾಣ ಹುಡುಗ. ಒಂದೇ ಪದ ಹೇಳಿದ.